ಅರ್ಧಕ್ಕೆ ನಿಂತ ಜಪಸರ

ಸುಮಿತ್ರಾ ಬೆಳೆದದ್ದು ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ತಂದೆ ಚಂದ್ರಮೋಹನರು ತುಮಕೂರಿನಿಂದ ಬಂದು ಒಂದು ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ತಾಯಿ ಶಾರದಾ ದೆಹಲಿಯ ಕೊರೆಯುವ ಚಳಿಯಲ್ಲೂ ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಿದ ಮೇಲೆಯೇ ಒಲೆ ಹಚ್ಚುವವರು. ನಿವೃತ್ತಿಯ ನಂತರ ಇಬ್ಬರೂ ವಸಂತ್ ಕುಂಜ್‌ನ ಫ್ಲ್ಯಾಟಿಗೆ ಹೋದರು. ಒಬ್ಬಳೇ ಮಗಳು ನೋಯ್ಡಾದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದಳು. ಅಲ್ಲಿ ಅವಳಿಗೆ ಮರಿಯಪ್ಪ ಸಿಕ್ಕಿದ.

ಮರಿಯಪ್ಪ ಕನಕಪುರದ ಕಡೆಯವನು. ಅವನ ಊರಿಗೆ ಊರೇ ಕ್ರೈಸ್ತರದು. ಅಲ್ಲಿ ಗಂಡಸರಿಗೆ ಚೌರಪ್ಪ, ಇನ್ನಾಸಪ್ಪ, ಮರಿಯಪ್ಪ ಎಂದು ಹೆಸರಿಡುತ್ತಾರೆ. ದೆಹಲಿಯಲ್ಲಿ ಆ ಹೆಸರು ಕೇಳಿದವರು ಅವನನ್ನು ಹಿಂದೂ ಎಂದೇ ತಿಳಿಯುತ್ತಿದ್ದರು. ಸುಮಿತ್ರಾಳೂ ಹಾಗೆಯೇ ತಿಳಿದಿದ್ದಳು. ಒಂದು ಶುಕ್ರವಾರ ಕ್ಯಾಂಟೀನಿನಲ್ಲಿ ಅವನು ಚಿಕನ್ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಇದು ಈಸ್ಟರಿಗೆ ಮುಂಚಿನ ತಪಸ್ಸುಕಾಲ, ಶುಕ್ರವಾರ ಮಾಂಸ ತಿನ್ನುವುದಿಲ್ಲ ಎಂದಾಗಲೇ ಅವಳಿಗೆ ವಿಷಯ ಗೊತ್ತಾದದ್ದು.

ಮದುವೆಗೆ ಮೊದಲೇ ಅವನು ಒಂದು ಮಾತನ್ನು ನೇರವಾಗಿ ಹೇಳಿದ್ದ. "ಹುಟ್ಟೋ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ, ನಮ್ಮ ವಿಶ್ವಾಸದಲ್ಲೇ ಬೆಳೆಸ್ತೀನಿ ಅಂತ ನಾನು ಚರ್ಚಿನ ಗುರುಗಳ ಮುಂದೆ ಮಾತು ಕೊಡಬೇಕು. ನೀನು ಕೊಡಬೇಕಾಗಿಲ್ಲ. ಆದರೆ ನಿನಗೆ ಗೊತ್ತಿರಬೇಕು."

ಅವಳು ಅದಕ್ಕೇನಂತೆ ಎಂದಳು. ಮಕ್ಕಳ ಮಾತು ಆಗ ಬಹಳ ದೂರದ್ದಾಗಿತ್ತು. ಅವಳು ಮತಾಂತರವಾಗಬೇಕೆಂದು ಅವನೂ ಕೇಳಲಿಲ್ಲ, ಚರ್ಚೂ ಕೇಳಲಿಲ್ಲ. ಯಮುನೆಯ ಪೂರ್ವ ದಡದ ಒಂದು ಸಣ್ಣ ಚರ್ಚಿನಲ್ಲಿ ಮದುವೆಯಾಯಿತು. ಚಂದ್ರಮೋಹನರು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದು, ಊಟಕ್ಕೆ ನಿಲ್ಲದೆ ಹೊರಟುಹೋದರು. ಮೊಮ್ಮಗಳು ಹುಟ್ಟಿದ ಮೇಲೆ ಅವರ ಸಿಟ್ಟು ಇಳಿಯಿತು. ಅವಳಿಗೆ ಅದಿತಿ ಎಂದು ಹೆಸರಿಟ್ಟವರು ಅವರೇ. ಜ್ಞಾನಸ್ನಾನದಲ್ಲಿ ಅದರ ಮುಂದೆ ರೋಸ್ ಎಂದು ಸೇರಿತು. ತಾತ ಆ ಎರಡನೆಯ ಹೆಸರನ್ನು ಒಮ್ಮೆಯೂ ಬಾಯಲ್ಲಿ ತರಲಿಲ್ಲ.

ಲಕ್ಷ್ಮೀ ನಗರದ ಗಲ್ಲಿಯಲ್ಲಿ, ಕೋಚಿಂಗ್ ಹುಡುಗರಿಂದ ತುಂಬಿದ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಮರಿಯಪ್ಪ ಅಂಥ ಮಡಿವಂತ ಭಕ್ತನೇನೂ ಆಗಿರಲಿಲ್ಲ. ಕ್ರಿಕೆಟ್ ಇದ್ದ ಭಾನುವಾರ ಚರ್ಚಿನ ಬಲಿಪೂಜೆಗೆ ತಡವಾಗಿ ಹೋಗುತ್ತಿದ್ದ. ಆದರೆ ಮಗಳಿಗೆ ಮಾತು ಬಂದಂದಿನಿಂದ ಸಂಜೆಯ ಪ್ರಾರ್ಥನೆಯನ್ನು ಅವನು ಬಿಟ್ಟದ್ದಿಲ್ಲ. ಆಫೀಸಿನಿಂದ ಬಂದು ಮುಖ ತೊಳೆದು, ಟಿ.ವಿ.ಯ ಮೇಲಿನ ಹಲಗೆಯಲ್ಲಿದ್ದ ಯೇಸುವಿನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕನ್ನಡದಲ್ಲೇ ಹೇಳಿಸುತ್ತಿದ್ದ. ಅದಿತಿಯ ಶಾಲೆ ಇಂಗ್ಲಿಷಿನದು, ಗಲ್ಲಿ ಹಿಂದಿಯದು. ಕನ್ನಡದಲ್ಲಿ ಅವಳಿಗೆ ಪೂರ್ತಿ ಬರುತ್ತಿದ್ದದ್ದು ಪ್ರಾರ್ಥನೆಗಳು ಮಾತ್ರ. 'ಪರಲೋಕದಲ್ಲಿರುವ' ಎಂಬುದು ಅವಳ ಬಾಯಲ್ಲಿ 'ಪರ್‌ಲೋಕ್ ದಲ್ಲಿರುವ' ಆಗುತ್ತಿತ್ತು. ಸುಮಿತ್ರಾ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಕೇಳುತ್ತಿದ್ದಳು. ಒಂದು ಸಲವೂ ತಾನಾಗಿ ಹೇಳದೆ ಆ ಪ್ರಾರ್ಥನೆಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು.

ಅದಿತಿಯನ್ನು ಚರ್ಚಿನ ಪಕ್ಕದಲ್ಲೇ ಸಿಸ್ಟರುಗಳು ನಡೆಸುವ ಶಾಲೆಗೆ ಸೇರಿಸಿದ್ದರು. ವಾರದಲ್ಲಿ ಎರಡು ಪೀರಿಯಡ್ ಕ್ಯಾಥೊಲಿಕ್ ಮಕ್ಕಳು ಲೈಬ್ರರಿ ಕೋಣೆಗೆ ಧರ್ಮೋಪದೇಶಕ್ಕೆ ಹೋಗುತ್ತಿದ್ದರು. ಉಳಿದವರು ತರಗತಿಯಲ್ಲೇ ಕೂತು ನೀತಿ ಪಾಠ ಕೇಳುತ್ತಿದ್ದರು. ಧರ್ಮೋಪದೇಶ ಮಾಡುತ್ತಿದ್ದವರು ಸಿಸ್ಟರ್ ಸುಶೀಲಾ ಕುಜೂರ್, ಜಾರ್ಖಂಡಿನ ಗುಮ್ಲಾ ಕಡೆಯವರು. ಮಕ್ಕಳಿಗೆ ಅವರನ್ನು ಕಂಡರೆ ಪ್ರೀತಿ. ಕತೆ ಹೇಳುವಾಗ ಕುರಿಯೂ ಆಗುತ್ತಿದ್ದರು, ಕುರುಬನೂ ಆಗುತ್ತಿದ್ದರು.

ಅದಿತಿ ಒಂದನೆಯ ತರಗತಿಯಲ್ಲಿದ್ದ ವರ್ಷದ ಅಕ್ಟೋಬರ್‌ನಲ್ಲಿ ಮರಿಯಪ್ಪನಿಗೆ ಜ್ವರ ಬಂತು. ಆ ತಿಂಗಳಲ್ಲಿ ದೆಹಲಿಯ ಅರ್ಧ ಮನೆಗಳಲ್ಲಿ ಜ್ವರ ಇರುತ್ತದೆ. ಮೊದಲು ಮಾತ್ರೆ ನುಂಗಿದ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿದ, ಡೆಂಗಿ ಎಂದು ಗೊತ್ತಾಯಿತು. ಪಪ್ಪಾಯಿ ಎಲೆಯ ರಸ ಕುಡಿಸಿ ಎಂದು ಪಕ್ಕದ ಮನೆಯವರೆಲ್ಲ ಹೇಳಿದರು. ಜ್ವರ ಇಳಿದ ಮೇಲೆ, ಇನ್ನೇನು ಆಯಿತು ಎಂದುಕೊಳ್ಳುವಷ್ಟರಲ್ಲಿ, ಒಸಡಿನಲ್ಲಿ ರಕ್ತ ಕಂಡಿತು. ಆಸ್ಪತ್ರೆಗೆ ಸೇರಿಸಿದಂದೇ ಅವನನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಸುಮಿತ್ರಾ ಆಸ್ಪತ್ರೆಯ ಕಬ್ಬಿಣದ ಕುರ್ಚಿಗಳ ಮೇಲೆ ಉಳಿದಳು. ಅದಿತಿ ವಸಂತ್ ಕುಂಜ್‌ಗೆ ಅಜ್ಜಿ ತಾತನ ಹತ್ತಿರ ಹೋದಳು.

ಕ್ಯಾಥೊಲಿಕರಿಗೆ ಅಕ್ಟೋಬರ್ ಜಪಸರದ ತಿಂಗಳು. ಸಿಸ್ಟರ್ ಪ್ರತಿ ಮಗುವಿಗೂ ನೀಲಿ ಪ್ಲಾಸ್ಟಿಕ್ ಮಣಿಗಳ ಒಂದು ಜಪಸರ ಕೊಟ್ಟಿದ್ದರು. ಈ ತಿಂಗಳಲ್ಲಿ ಯಾವ ಮಗು ಜಪಸರವನ್ನು ಪೂರ್ತಿ ಹೇಳುತ್ತದೋ ಅದನ್ನು ಮಾತೆ ಮರಿಯಮ್ಮ ಬರಿಗೈಲಿ ಕಳಿಸುವುದಿಲ್ಲ ಎಂದು ಹೇಳಿದ್ದರು. ಅದಿತಿ ಅದನ್ನು ಹಾಗೆಯೇ ನಂಬಿದಳು. ಅಜ್ಜಿಯ ಮನೆಯಲ್ಲಿ ಊಟಕ್ಕೆ ಮೊದಲು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಮಣಿ ಸರಿಸುತ್ತಾ 'ನಮೋ ಮರಿಯಾ' ಹೇಳುತ್ತಿದ್ದಳು. ಆ ಮನೆಯಲ್ಲಿ ಅದನ್ನು ಬೇಡ ಎನ್ನುವ ಮನಸ್ಸು ಆ ದಿನಗಳಲ್ಲಿ ಯಾರಿಗೂ ಇರಲಿಲ್ಲ.

ಮರಿಯಪ್ಪ ಬದುಕಲಿಲ್ಲ. ಬಾಯಿಗೆ ನಳಿಗೆ ಹಾಕಿದ್ದರಿಂದ ಕೊನೆಗೆ ಹೆಂಡತಿಗೆ ಒಂದು ಮಾತೂ ಹೇಳಲಾಗಲಿಲ್ಲ. ಊರಿನಿಂದ ಅಣ್ಣ ವಿಮಾನದಲ್ಲಿ ಬಂದ. ಶವವನ್ನು ಊರಿಗೆ ಒಯ್ಯುವ ಮಾತು ಬಂದಾಗ, ಮಗಳು ಹೋಗಿ ನೋಡುವಷ್ಟು ಹತ್ತಿರದಲ್ಲಿರಲಿ ಎಂದು ಸುಮಿತ್ರಾ ಹೇಳಿದಳು. ದೆಹಲಿಯ ಸ್ಮಶಾನದಲ್ಲೇ ಮಣ್ಣು ಮಾಡಿದರು. ಚರ್ಚಿನ ಗುರುಗಳಾದ ಫಾದರ್ ತಿರ್ಕಿ ಹಿಂದಿಯಲ್ಲಿ ಪ್ರಾರ್ಥಿಸಿದರು. ಅದಿತಿ ಒಂದು ಹಿಡಿ ಮಣ್ಣು ಹಾಕಿದಳು, ಅಳಲಿಲ್ಲ. ಮಗುವಿಗೆ ಇನ್ನೂ ಅರ್ಥವಾಗಿಲ್ಲ ಎಂದು ಎಲ್ಲರೂ ಅಂದುಕೊಂಡರು.

ಹದಿನೈದು ದಿನ ಕಳೆದ ಮೇಲೆ ಚಂದ್ರಮೋಹನರು ಮಗಳನ್ನು ಕೂರಿಸಿಕೊಂಡು ಮಾತಾಡಿದರು. ಲಕ್ಷ್ಮೀ ನಗರದ ಮನೆ ಖಾಲಿ ಮಾಡಿ ತಮ್ಮ ಜೊತೆಗೇ ಬಂದಿರಬೇಕು, ಮಗುವನ್ನು ವಸಂತ್ ಕುಂಜ್‌ನಲ್ಲೇ ಬೇರೆ ಶಾಲೆಗೆ ಹಾಕಬೇಕು, ಇಷ್ಟು ಅವರ ಸಲಹೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಸುಮಿತ್ರಾ ಚರ್ಚಿನ ವಿಷಯವನ್ನೂ ಮರಿಯಪ್ಪ ಕೊಟ್ಟ ಮಾತನ್ನೂ ಎತ್ತಿದಳು.

"ಮಾತು ಕೊಟ್ಟವನು ಅವನು," ಅಂದರು. "ಅವನೇ ಇಲ್ಲ. ನೀನು ಯಾಕಮ್ಮ ಅದನ್ನ ಹೊತ್ಕೊಂಡು ತಿರುಗ್ತೀಯ?"

 ತನಗೆ ಆ ದೇವರಲ್ಲಿ ನಂಬಿಕೆಯಿದೆ ಎಂದು ಹೇಳಿದರೆ ಸುಳ್ಳಾಗುತ್ತಿತ್ತು. ತನ್ನ ದೇವರಲ್ಲಾದರೂ ಇದೆಯೇ ಎಂದು ಆ ದಿನಗಳಲ್ಲಿ ಕೇಳಿದ್ದರೆ ಅದಕ್ಕೂ ಹೂಂ ಎನ್ನುವುದು ಕಷ್ಟವಿತ್ತು. ಅವಳಿಗೆ ತೋಚಿದ್ದು ಇಷ್ಟೇ: ಮಗಳಿಗೆ ಅಪ್ಪ ತನ್ನ ಕೈಯಾರೆ ಕೊಟ್ಟದ್ದು ಅದೊಂದು; ಅದನ್ನೂ ಕಿತ್ತುಕೊಂಡರೆ ಆರು ವರ್ಷದ ಮಗುವಿನ ನೆನಪಿನಲ್ಲಿ ಅವನದೆಂದು ಏನು ಉಳಿದೀತು? ಅವಳು ಲಕ್ಷ್ಮೀ ನಗರಕ್ಕೇ ಹಿಂತಿರುಗಿದಳು. ಗಲ್ಲಿಯ ಡೇ-ಕೇರ್‌ನಲ್ಲಿ ಮಗಳನ್ನು ಸಂಜೆಯವರೆಗೆ ಬಿಡುವ ಏರ್ಪಾಡು ಮಾಡಿದಳು. ಭಾನುವಾರ ಬಂದಾಗ ಮಗಳ ಕೈಹಿಡಿದು ಚರ್ಚಿಗೆ ಹೋದಳು. ಚಂದ್ರಮೋಹನರು ಫೋನು ಮಾಡುವುದನ್ನು ಕಡಿಮೆ ಮಾಡಿದರು.

ಸಂಜೆಯ ಪ್ರಾರ್ಥನೆಯನ್ನು ಅವಳೇ ಶುರು ಮಾಡಿದಳು. ಬತ್ತಿ ಹಚ್ಚಿ, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಇಷ್ಟು ವರ್ಷ ಕಿವಿಯಲ್ಲಿದ್ದದ್ದನ್ನು ಬಾಯಿಗೆ ತಂದಳು. ತನ್ನದೇ ದನಿ ತನಗೆ ಬೇರೆ ಯಾರದೋ ಎನಿಸುತ್ತಿತ್ತು. ಅದಿತಿ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಹೇಳು ಪುಟ್ಟಾ ಎಂದರೆ ತುಟಿ ಅಲ್ಲಾಡಿಸುತ್ತಿದ್ದಳೇ ಹೊರತು ದನಿ ಹೊರಡುತ್ತಿರಲಿಲ್ಲ. ದುಃಖದಲ್ಲಿದೆ ಮಗು, ಸರಿಹೋಗುತ್ತದೆ ಎಂದು ಸುಮಿತ್ರಾ ಕಾದಳು. ಚಳಿಗಾಲ ಕಳೆಯಿತು. ಕ್ರಿಸ್ಮಸ್ಸಿಗೆ ಮನೆಯಲ್ಲಿ ಬಾಲಯೇಸುವಿನ ಗೋದಲಿ ಕಟ್ಟಲಿಲ್ಲ. ಈಸ್ಟರಿನ ಪಾಸ್ಕ ಹಬ್ಬ ಬಂತು, ಹೋಯಿತು. ಅದಿತಿ ಎರಡನೆಯ ತರಗತಿಗೆ ಹೋದಳು. ಆ ವರ್ಷದ ಧರ್ಮೋಪದೇಶವೇ ಮುಂದಿನ ವರ್ಷದ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಬಲಿಪೂಜೆಯ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ, ಮಕ್ಕಳನ್ನು ಸಿದ್ಧಪಡಿಸುವ ಪಾಠ.

ಆಗಸ್ಟಿನ ಒಂದು ದಿನ ಸಿಸ್ಟರ್ ಸುಶೀಲಾ ಫೋನು ಮಾಡಿ, ಬಿಡುವಾದಾಗ ಬಂದು ಹೋಗಿ ಎಂದರು. ಸುಮಿತ್ರಾ ಅರ್ಧ ದಿನ ರಜೆ ಹಾಕಿ ಹೋದಳು. ಸಿಸ್ಟರ್ ಬಹಳ ಮೆಲ್ಲಗೆ ವಿಷಯ ಎತ್ತಿದರು. ಅದಿತಿಯನ್ನು ಧರ್ಮೋಪದೇಶದಿಂದ ತೆಗೆಸಿದ್ದು ತಾಯಿಯ ತೀರ್ಮಾನವಾದರೆ ತಮ್ಮ ಆಕ್ಷೇಪವಿಲ್ಲ, ಆದರೆ ಒಂದು ಮಾತು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಎಂದರು. ಸುಮಿತ್ರಾಳಿಗೆ ಅರ್ಥವಾಗಲಿಲ್ಲ. ತಾನು ತೆಗೆಸಿಲ್ಲ ಎಂದಳು. ಆಗ ಸಿಸ್ಟರ್ ನಡೆದದ್ದನ್ನು ಹೇಳಿದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಂದಿನಿಂದ ಅದಿತಿ ಲೈಬ್ರರಿ ಕೋಣೆಗೆ ಬಂದಿಲ್ಲ. ಬೆಲ್ ಹೊಡೆದಾಗ ಉಳಿದ ಮಕ್ಕಳ ಜೊತೆ ತರಗತಿಯಲ್ಲೇ ಕೂರುತ್ತಾಳೆ. ಹೊಸದಾಗಿ ಬಂದ ಕ್ಲಾಸ್ ಟೀಚರ್ ಕೇಳಿದ್ದಕ್ಕೆ, ನಮ್ಮ ಮಮ್ಮಾ ಹಿಂದೂ, ನಾನೂ ಹಿಂದೂ ಎಂದಿದ್ದಾಳೆ. ತಂದೆ ಹೋದ ಮನೆ, ತಾಯಿ ಬೇರೆ ಧರ್ಮದವಳು. ಟೀಚರ್ ಅದನ್ನು ಮತ್ತೆ ಕೆದಕಲಿಲ್ಲ.

ಆ ಸಂಜೆ ಸುಮಿತ್ರಾ ಬತ್ತಿ ಹಚ್ಚಲಿಲ್ಲ. ಮಗಳ ಕೂದಲು ಬಾಚುತ್ತಾ ಬೆನ್ನ ಹಿಂದಿನಿಂದಲೇ ಕೇಳಿದಳು. ಮುಖ ನೋಡಿ ಕೇಳಿದರೆ ಹೇಳಲಾರಳು ಎಂದು ಅವಳಿಗೆ ಗೊತ್ತಿತ್ತು.

"ಸಿಸ್ಟರ್ ಕ್ಲಾಸಿಗೆ ಯಾಕೆ ಹೋಗ್ತಿಲ್ಲ ಪುಟ್ಟಾ?"

"ಅಲ್ಲಿ ಪ್ರೇಯರ್ ಮಾಡಿಸ್ತಾರೆ."

"ಮಾಡಿದ್ರೆ ಏನಾಗುತ್ತೆ?"

 ಅದಿತಿ ಕನ್ನಡಕ್ಕೆ ಹಿಂದಿ ಸೇರಿಸಿಕೊಂಡು, ಬೆಕ್ಕಿನ ಮರಿಯಂಥ ದನಿಯಲ್ಲಿ ಹೇಳಿದಳು. "ಪಪ್ಪಂಗೋಸ್ಕರ ಮಾಡಿದ್ದು ನಾನು ಪೂರಾ ಮಾಡ್ಲಿಲ್ಲ. ಬೀಚ್ ಮೇ ಸೋ ಗಯೀ. ಅದಕ್ಕೇ ಪಪ್ಪ ಹೋದ್ರು."

ಸುಮಿತ್ರಾಳ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು. ಮರಿಯಪ್ಪ ಸಾಯುವ ಹಿಂದಿನ ಸಂಜೆ ಮಗು ವಸಂತ್ ಕುಂಜ್‌ನಲ್ಲಿ ಜಪಸರ ಹೇಳುತ್ತಾ ನಡುವೆ ನಿದ್ದೆ ಹೋಗಿತ್ತು. ಬೆಳಿಗ್ಗೆ ಎದ್ದಾಗ ಸುದ್ದಿ ಬಂದಿತ್ತು. ಪೂರ್ತಿ ಹೇಳಿದರೆ ಬರಿಗೈಲಿ ಕಳಿಸುವುದಿಲ್ಲ ಎಂದಿದ್ದರಲ್ಲ, ತಾನು ಪೂರ್ತಿ ಹೇಳಲಿಲ್ಲ. ಆರು ವರ್ಷದ ಮಗು ಈ ಲೆಕ್ಕವನ್ನು ತಾನೇ ಹಾಕಿಕೊಂಡು, ಹತ್ತು ತಿಂಗಳು ಒಳಗೇ ಇಟ್ಟುಕೊಂಡು, ಶಾಲೆಗೆ ಹೋಗಿ, ಟಿಫಿನ್ ತಿಂದು, ಹೋಂವರ್ಕ್ ಮಾಡಿತ್ತು. ಹಾಗಲ್ಲ ಕಂದ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಸೊಳ್ಳೆಯಿಂದ ಬಂದ ಕಾಯಿಲೆ ಎಂದು ತಾಯಿ ಎಷ್ಟು ಹೇಳಿದರೂ ಮಗಳು ತಲೆಯಾಡಿಸಿದಳು. ಹೂಂ ಎಂದಳು. ನಂಬಲಿಲ್ಲ.

ಮರುದಿನ ಸುಮಿತ್ರಾ ಸಿಸ್ಟರ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಜಗಳವಾಡಬೇಕೆಂದೇ ಹೋಗಿದ್ದಳು. ಆದರೆ ಸಿಸ್ಟರ್ ಮುಖ ನೋಡಿದ ಮೇಲೆ ಆಗಲಿಲ್ಲ. ಅವರು ಕುರ್ಚಿಯ ಕೈಯನ್ನು ಹಿಡಿದು ಕೂತಿದ್ದರು. ಹಳ್ಳಿಯಲ್ಲಿ ತಮ್ಮ ತಾಯಿ ತಮಗೆ ಹೇಳಿದ್ದನ್ನೇ ತಾವು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಾ ಬಂದದ್ದು, ಮಕ್ಕಳಿಗೆ ಹೇಳುವಾಗ ಸುಲಭವಾದದ್ದನ್ನು ಹೇಳಿಬಿಡುತ್ತೇವೆ, ಆಮೇಲೆ ಅದು ಮಗುವಿನೊಳಗೆ ಏನಾಗುತ್ತದೆಂದು ನೋಡಲು ಹೋಗುವುದಿಲ್ಲ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಅದಿತಿಯನ್ನು ಶಾಲೆಯ ತೋಟಕ್ಕೆ ಕರೆದೊಯ್ದು ಮಾತಾಡಿದರು. ದೇವರು ಮಕ್ಕಳ ಮಣಿ ಎಣಿಸುವುದಿಲ್ಲ ಎಂದರು. ಅದಿತಿ ಕೈಜೋಡಿಸಿ ನಿಂತು ಯೆಸ್ ಸಿಸ್ಟರ್ ಎಂದಳು. ಶಾಲೆಯಲ್ಲಿ ಕಲಿಸಿದ ಹಾಗೆ ಪ್ರತಿ ಮಾತಿಗೂ ಯೆಸ್ ಸಿಸ್ಟರ್ ಎಂದಳು. ಮುಂದಿನ ಧರ್ಮೋಪದೇಶದ ಪೀರಿಯಡ್‌ನಲ್ಲಿ ಮತ್ತೆ ನೀತಿ ಪಾಠದ ಮಕ್ಕಳ ನಡುವೆ ಕೂತಳು.

ಸುಮಿತ್ರಾ ಮಗಳ ಮೇಲೆ ಒತ್ತಾಯ ಮಾಡಲಿಲ್ಲ. ಭಾನುವಾರ ಮಾತ್ರ ತಪ್ಪಿಸಲಿಲ್ಲ. ಚರ್ಚಿನಲ್ಲಿ ಈಗ ಪ್ರಾರ್ಥನೆ ಹೇಳುವವಳು ಜ್ಞಾನಸ್ನಾನವಿಲ್ಲದ ತಾಯಿ, ಬಾಯಿ ಮುಚ್ಚಿ ಕೂರುವವಳು ಜ್ಞಾನಸ್ನಾನವಾದ ಮಗಳು. ಅಕ್ಕಪಕ್ಕದವರು ನೋಡುತ್ತಿದ್ದರು. ಒಬ್ಬ ಮಲಯಾಳಿ ಹೆಂಗಸು, ಮಗುವಿಗೆ ಮನೆಯಲ್ಲಿ ಏನೂ ಕಲಿಸುವುದಿಲ್ಲವೇ ಎಂದು ನಯವಾಗಿ ಕೇಳಿದಳು. ಸುಮಿತ್ರಾ ನಕ್ಕಳು. ಆ ನಗೆಯಿಂದ ಅವಳ ದವಡೆ ಮನೆ ತಲುಪುವವರೆಗೂ ನೋಯುತ್ತಿತ್ತು.

ನವರಾತ್ರಿಗೆ ಶಾರದಾ ವಸಂತ್ ಕುಂಜ್‌ನಲ್ಲಿ ಗೊಂಬೆ ಕೂರಿಸಿದ್ದರು. ಮಗಳು, ಮೊಮ್ಮಗಳು ಹೋದರು. ಮರಿಯಪ್ಪ ಹೋಗಿ ವರ್ಷವಾಗುತ್ತಾ ಬಂದಿತ್ತು. ಅದಿತಿ ಗೊಂಬೆಗಳ ಮುಂದೆ ಕೂತಿದ್ದಳು, ಚಂದ್ರಮೋಹನರು ಪೇಪರ್ ಓದುತ್ತಿದ್ದರು. ಅಡುಗೆಮನೆಯಲ್ಲಿ ಕಡಲೆ ಉಸಲಿಗೆ ಕಾಯಿ ತುರಿಯುತ್ತಿದ್ದ ತಾಯಿಗೆ ಸುಮಿತ್ರಾ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು. ಇಷ್ಟು ದಿನ ಹೇಳಿರಲಿಲ್ಲ. ಹೇಳಿದರೆ ಅಪ್ಪನ ಕಿವಿಗೆ ಹೋಗಿ, ಇದಕ್ಕೇ ನಾನು ಅಂದದ್ದು ಎಂದಾರು ಎಂಬ ಭಯವಿತ್ತು.

ಶಾರದಾ ತುರಿಯುವುದನ್ನು ನಿಲ್ಲಿಸಿದರು. ಸೆರಗಿನಿಂದ ಕೈ ಒರೆಸಿಕೊಂಡು ನೆಲದ ಮೇಲೆ ಕೂತುಬಿಟ್ಟರು.  ಏನಾಯಿತಮ್ಮ ಎಂದು ಸುಮಿತ್ರಾ ಬಗ್ಗಿದಳು.

"ಅವತ್ತು ಅದನ್ನ ನಾನು ಮುಗಿಸಿದ್ದೆ ಕಣೇ," ಅಂದರು ಶಾರದಾ.

ಸ್ವಲ್ಪ ಸುಧಾರಿಸಿಕೊಂಡು ಅವರು ಹೇಳಿದ್ದು ಹೀಗೆ. ಆ ಸಂಜೆ ಮಗು ಜಪಸರ ಹಿಡಿದುಕೊಂಡೇ ಮಲಗಿಬಿಟ್ಟಿತ್ತು. ಹೊದಿಸಲು ಹೋದಾಗ ನೋಡಿದರೆ, ಪುಟ್ಟ ಬೆರಳುಗಳು ಒಂದು ಮಣಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ಆಚೆ ಇನ್ನೂ ಬೇಕಾದಷ್ಟು ಮಣಿ ಉಳಿದಿದ್ದವು. ಎಬ್ಬಿಸಲು ಮನಸ್ಸಾಗಲಿಲ್ಲ. ಹಾಗೇ ಬಿಡುವುದಕ್ಕೂ ಆಗಲಿಲ್ಲ. ಹಿಡಿದ ಜಪವನ್ನು ನಡುವೆ ಬಿಡಬಾರದು ಎಂದು ಅವರ ತಾಯಿ ಹೇಳುತ್ತಿದ್ದರು. ಆ ಮಣಿಯನ್ನೇ ಗುರುತಾಗಿ ಹಿಡಿದು ಸರವನ್ನು ಬಿಡಿಸಿಕೊಂಡು, ಮಂಚದ ಪಕ್ಕದಲ್ಲೇ ಕೂತು ಅಲ್ಲಿಂದ ಮುಂದಕ್ಕೆ ಹೇಳಿದರು.

"ಅವರ ಮಂತ್ರ ನನಗೆ ಬರಲ್ವಲ್ಲ. ರಾಮ ರಾಮ ಅಂತ ಮುಗಿಸಿದೆ. ಅಳಿಯನ್ನ ಉಳಿಸಪ್ಪ ಅಂತ ಕೇಳ್ಕೊಂಡೆ. ಬೆಳಿಗ್ಗೆ ಫೋನ್ ಬಂತು. ನಾನು ಕಲಬೆರಕೆ ಮಾಡಿದ್ದಕ್ಕೇ ಹೀಗಾಯ್ತೇನೋ, ಅವರ ದೇವರಿಗೆ ಸೇರಬೇಕಾದ್ದನ್ನ ನಾನು ಕೆಡಿಸಿದೆನೇನೋ ಅಂತ... ನಿಮ್ಮಪ್ಪನಿಗೂ ಹೇಳಿಲ್ಲ."

ಒಂದೇ ಜಪಸರದ ಎರಡು ತುದಿ ಹಿಡಿದುಕೊಂಡು ಅಜ್ಜಿ ಮೊಮ್ಮಗಳು ಇಬ್ಬರೂ ವರ್ಷವಿಡೀ ತಮ್ಮನ್ನೇ ಸುಟ್ಟುಕೊಂಡಿದ್ದರು. ಸುಮಿತ್ರಾ ತಾಯಿಯ ಪಕ್ಕದಲ್ಲಿ ನೆಲಕ್ಕೆ ಕೂತು ಅತ್ತಳು. ಗಂಡ ಸತ್ತಾಗ ಆಸ್ಪತ್ರೆಯ ಕಾಗದಗಳ ನಡುವೆ ಅಳಲು ಪುರಸೊತ್ತಾಗಿರಲಿಲ್ಲ.

ಆಮೇಲೆ ಶಾರದಾ ಮೊಮ್ಮಗಳನ್ನು ಒಳಗೆ ಕರೆದರು. ತೊಡೆಯ ಮೇಲೆ ಕೂರಿಸಿಕೊಂಡು, ನೀನು ಮಲಗಿದ ಮೇಲೆ ಉಳಿದ ಮಣಿಯನ್ನೆಲ್ಲ ಅಜ್ಜಿ ಹೇಳಿ ಮುಗಿಸಿದಳು ಎಂದರು. ಅದಿತಿ ಅವರ ಮುಖವನ್ನೇ ನೋಡಿದಳು.

"ಪೂರಾ?"

"ಪೂರ್ತಿ. ಕೊನೇ ಮಣಿವರೆಗೂ."

"ಫಿರ್ ಭೀ?"

"ಹೂಂ ಕಂದ. ಆದ್ರೂ."

ಸುಮಿತ್ರಾಳಿಗೆ ಆ ಕ್ಷಣ ಭಯವಾಯಿತು. ತಪ್ಪು ನನ್ನದಲ್ಲ ಎಂದು ಮಗು ಹಗುರಾಗುತ್ತದೆ ಎಂದುಕೊಂಡಿದ್ದಳು. ಅದಿತಿಯ ಮುಖದಲ್ಲಿ ಬಂದದ್ದು ಅದಲ್ಲ. ಅದು ಅದಕ್ಕಿಂತ ಕಷ್ಟದ್ದು. ತನ್ನ ತಪ್ಪಿನಿಂದ ಹೋಗಿದ್ದರೆ ಅದಕ್ಕೊಂದು ಕಾರಣವಾದರೂ ಇತ್ತು. ಈಗ ಪೂರ್ತಿ ಕೇಳಿಯೂ, ಇಬ್ಬರು ಕೇಳಿಯೂ, ಪಪ್ಪ ಉಳಿಯಲಿಲ್ಲ.  ಸ್ಮಶಾನದಲ್ಲಿ ಅಳದ ಮಗು, ವರ್ಷವಿಡೀ ಅಳದ ಮಗು, ಅಜ್ಜಿಯ ಹೆಗಲಿಗೆ ಬಾಯಿಯೊತ್ತಿ ಕೂಗಿ ಅತ್ತಿತು. ಕ್ಯೋಂ, ತೋ ಕ್ಯೋಂ ಎಂದು ಕೇಳುತ್ತಲೇ ಇತ್ತು. ಯಾಕೆಂದು ಆ ಅಡುಗೆಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಪುಟ್ಟಾ, ನನಗೂ ಗೊತ್ತಿಲ್ಲ ಎಂದು ಸುಮಿತ್ರಾ ಹೇಳಿದಳು. ಚಂದ್ರಮೋಹನರು ಬಾಗಿಲವರೆಗೆ ಬಂದು ನಿಂತಿದ್ದರು. ಎಷ್ಟನ್ನು ಕೇಳಿಸಿಕೊಂಡರೋ. ಹೆಂಡತಿಯನ್ನು ನೋಡಿದರು, ಬಾಲ್ಕನಿಗೆ ಹೋದರು. ಅಂದಿನಿಂದ ಮಾತು ಕೊಟ್ಟದ್ದರ ವಿಷಯವನ್ನು ಅವರು ಎತ್ತಲಿಲ್ಲ. ಒಪ್ಪಿದರೆಂದು ಹೇಳಲಾಗದು, ಎತ್ತಲಿಲ್ಲ, ಅಷ್ಟೇ.

ನವೆಂಬರ್ ಮೊದಲ ವಾರ, ಸತ್ತವರ ನೆನಪಿನ ದಿನ, ತಾಯಿ ಮಗಳು ಸ್ಮಶಾನಕ್ಕೆ ಹೋದರು. ದೆಹಲಿಯ ಚಳಿಗಾಲದ ಹೊಗೆಯಿಂದ ಆಚೆಯ ಸಾಲಿನ ಶಿಲುಬೆಗಳೂ ಕಾಣುತ್ತಿರಲಿಲ್ಲ. ಎಲ್ಲ ಸಮಾಧಿಗಳ ಮೇಲೂ ಚೆಂಡುಹೂವು, ಮೇಣದ ಬತ್ತಿ. ಫಾದರ್ ತಿರ್ಕಿ ಸಾಲುಸಾಲಾಗಿ ತೀರ್ಥ ಚಿಮುಕಿಸುತ್ತಾ ಬರುವಾಗ ಕೆಮ್ಮುತ್ತಿದ್ದರು. ಅದಿತಿ ಶಿಲುಬೆಯ ಗುರುತು ಹಾಕಿದಳು. ಪ್ರಾರ್ಥಿಸಿದಳೋ ಇಲ್ಲವೋ, ಸುಮಿತ್ರಾ ಕೇಳಲಿಲ್ಲ. ಕ್ರಿಸ್ಮಸ್ ರಜೆ ಮುಗಿದ ಮೇಲೆ ಅವಳು ತಾನಾಗಿಯೇ ಲೈಬ್ರರಿ ಕೋಣೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳೆಂದು ಸಿಸ್ಟರ್ ಫೋನು ಮಾಡಿ ತಿಳಿಸಿದರು. ಸಿಸ್ಟರ್ ದನಿಯಲ್ಲಿ ಸಂತೋಷಕ್ಕಿಂತ ಎಚ್ಚರವೇ ಹೆಚ್ಚಿತ್ತು.

ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. ಪಾಸ್ಕದ ನಂತರದ ಒಂದು ಭಾನುವಾರ ಪ್ರಥಮ ಪರಮಪ್ರಸಾದವೆಂದು ಗೊತ್ತಾದಾಗ ಅದಿತಿ ಬೇಡವೆಂದಳು. ಈ ಸಲ ಕಾರಣ ಬೇರೆ. ಅಮ್ಮ ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಅವಳು ಕೇಳಿದಳು. ಜ್ಞಾನಸ್ನಾನ ಆಗಿಲ್ಲ ಎಂದಾಗ, ಹಾಗಾದರೆ ಮಾಡಿಸಿಕೋ ಎಂದಳು. ಸುಮಿತ್ರಾ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಫಾದರ್ ತಿರ್ಕಿಯವರ ಬಳಿ ಹೋದಳು. ಅವರು ಕೇಳಿದ್ದು ಒಂದೇ ಪ್ರಶ್ನೆ, ನೀವು ನಂಬುತ್ತೀರಾ ಎಂದು. ಗೊತ್ತಿಲ್ಲ ಫಾದರ್ ಎಂದಳು. ಮಗಳಿಗಾಗಿ ಮುಳುಗಬೇಡಿ, ನಿಮಗಾಗಿ ಬರಬೇಕೆನಿಸಿದಾಗ ಬನ್ನಿ ಎಂದು ಅವರು ಕಳಿಸಿಕೊಟ್ಟರು. ಹೊರಗೆ ಬಂದಾಗ ಅವಳಿಗೆ ಅವಮಾನವೂ ಆಯಿತು, ಭಾರ ಇಳಿದಂತೆಯೂ ಆಯಿತು.

"ನಾನೂ ಎದ್ದು ಹೋದ್ರೆ ಬೆಂಚಲ್ಲಿ ನೀನು ಒಬ್ಳೇ, ಅಕೇಲೀ," ಅಂದಳು ಅದಿತಿ.

"ಹೋಗು. ನಾನು ಅಲ್ಲೇ ಕೂತಿರ್ತೀನಿ. ನೀನು ವಾಪಸ್ ಬರ್ತೀಯಲ್ಲ."

ಏಪ್ರಿಲ್‌ನ ಆ ಭಾನುವಾರ ಬೆಳಿಗ್ಗೆಯೇ ಬಿಸಿಗಾಳಿ ಶುರುವಾಗಿತ್ತು. ಶಾರದಾ ರೇಷ್ಮೆ ಸೀರೆಯುಟ್ಟು ಒಬ್ಬರೇ ಬಂದರು. ಚಂದ್ರಮೋಹನರಿಗೆ ಮಂಡಿ ನೋವು ಎಂದರು. ಬಿಳಿ ಫ್ರಾಕು, ಬಿಳಿ ಷರಟು ತೊಟ್ಟ ಮಕ್ಕಳು ಅಪ್ಪ ಅಮ್ಮಂದಿರ ನಡುವೆ ನಡೆದು ಗುರುಗಳ ಮುಂದೆ ಹೋಗುವುದು ಅಲ್ಲಿನ ಪದ್ಧತಿ. ಪ್ರಸಾದ ಪಡೆಯದವರು ಎದೆಯ ಮೇಲೆ ಕೈಗಳನ್ನು ಅಡ್ಡ ಇಟ್ಟುಕೊಂಡು ಬಂದರೆ ಆಶೀರ್ವಾದ ಮಾಡುತ್ತಾರೆ, ನೀವೂ ಮಗಳ ಜೊತೆ ನಡೆಯಬಹುದು ಎಂದು ಸಿಸ್ಟರ್ ಹೇಳಿದ್ದರು. ಸುಮಿತ್ರಾ ಎದ್ದು ನಿಂತಳು, ಹೆಜ್ಜೆ ಕಿತ್ತಿಡಲಾಗಲಿಲ್ಲ. ಆ ನಡೆಯುವ ಜಾಗ ಮರಿಯಪ್ಪನದು. ಅಲ್ಲಿ ತಾನು ನಡೆದರೆ ಅದು ಬರಿಯ ವೇಷವಾಗುತ್ತದೆ ಎನಿಸಿತು. ಅದಿತಿ ಒಂದು ಸಲ ಹಿಂತಿರುಗಿ ನೋಡಿ, ಒಬ್ಬಳೇ ಹೋದಳು. ಅವಳ ಮುಂದೆ ಅವಳಿ ಮಕ್ಕಳ ಕುಟುಂಬ, ಹಿಂದೆ ಇನ್ನೊಂದು ಕುಟುಂಬ. ನಡುವೆ ಒಂದು ಬಿಳಿ ಫ್ರಾಕು.

ಹಿಂತಿರುಗಿ ಬಂದು ಮಂಡಿಯೂರಿ ಕಣ್ಣು ಮುಚ್ಚಿದಳು. ಆ ಹೊತ್ತಿನಲ್ಲಿ ಯೇಸುವಿಗೆ ಏನು ಬೇಕಾದರೂ ಹೇಳಿ, ಅವನು ಹತ್ತಿರದಲ್ಲಿದ್ದಾನೆ ಎಂದು ಮಕ್ಕಳಿಗೆ ತಿಳಿಸಿದ್ದರು. ಸುತ್ತಲಿನ ಮಕ್ಕಳ ತುಟಿಗಳು ಬಿರಬಿರನೆ ಓಡುತ್ತಿದ್ದವು. ಅದಿತಿಯವು ಅಲ್ಲಾಡಲಿಲ್ಲ.

ಮನೆಗೆ ಬರುವಾಗ ಇ-ರಿಕ್ಷಾದಲ್ಲಿ ಶಾರದಾ ಮೊಮ್ಮಗಳ ಕೆನ್ನೆ ಸವರಿ, ದೇವರನ್ನು ಏನು ಕೇಳಿದೆ ಎಂದರು.

"ಕುಛ್ ನಹೀ."

"ಏನೂ ಕೇಳ್ಲಿಲ್ವಾ?"

"ಇಲ್ಲ ಅಜ್ಜಿ. ಸುಮ್ನೆ ಕೂತಿದ್ದೆ."

ಶಾರದಾ ಮಗಳ ಕಡೆ ನೋಡಿದರು. ಸುಮಿತ್ರಾ ರಸ್ತೆಯ ಕಡೆ ತಿರುಗಿದಳು. ಎಂಟು ವರ್ಷಕ್ಕೆ ದೇವರ ಬಳಿ ಕೇಳುವುದನ್ನು ಬಿಟ್ಟ ಮಗು, ಆದರೂ ಅವನೆದುರು ಹೋಗಿ ಕೂತ ಮಗು. ಮರಿಯಪ್ಪ ಗುರುಗಳ ಮುಂದೆ ಕೊಟ್ಟ ಮಾತು ಇದೇನಾ? ಅವನು ಇದ್ದಿದ್ದರೆ ಇದಕ್ಕೆ ಏನೆನ್ನುತ್ತಿದ್ದ ಎಂದು ಅವಳಿಗೆ ಊಹಿಸಲಾಗಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲೂ ಸಿಸ್ಟರ್ ಸುಶೀಲಾ ಮಕ್ಕಳಿಗೆ ನೀಲಿ ಜಪಸರ ಕೊಟ್ಟರು. ಬರಿಗೈಯ ಮಾತನ್ನು ಮಾತ್ರ ಹೇಳಲಿಲ್ಲ. ಆದರೆ ಅದು ಮುಂದಿನ ಮಾತು.

ಆ ದಿನ ಗಲ್ಲಿಯ ಬಾಯಲ್ಲಿ ರಿಕ್ಷಾ ಇಳಿದಾಗ ಅದಿತಿ ಕುಂಟುತ್ತಿದ್ದಳು. ಹೊಸ ಷೂ ಹಿಮ್ಮಡಿ ಕಚ್ಚಿತ್ತು. ಎತ್ತಿಕೊಳ್ಳಲೇ ಎಂದು ಸುಮಿತ್ರಾ ಕೇಳಿದಳು. ಬೇಡವೆಂದು ಷೂ ಬಿಚ್ಚಿ ಕೈಯಲ್ಲಿ ಹಿಡಿದು, ಬಿಳಿ ಕಾಲುಚೀಲದಲ್ಲೇ ಮೂರು ಮಹಡಿಯ ಮೆಟ್ಟಿಲು ಹತ್ತಿದಳು. ಅಜ್ಜಿಗೆ ಏದುಸಿರು ಬಂದಾಗ ನಡುವೆ ನಿಂತು ಕಾದಳು.